ಮೂವರು ಪೈಲಟ್, ಒಂದು ಪಾತ್ರೆ ಹಾಲು

ಮಾರ್ಚ್ 4, ಸೋಮವಾರ

‘ರೆಕ್ಕೆಯುಳ್ಳವಗೆ ನೆಲದ ಲೆಕ್ಕವೇಕೆ…’ ಎಲ್ಲಿ ಓದಿದ್ದು ಇದು? ಎಂ.ಎ. ಓದುವಾಗ ಯಾವುದೋ ಹಳೆಯ ಪತ್ರಿಕೆಯಲ್ಲಿ ಇರಬೇಕು. ಮುಂದಿನ ಸಾಲು ನೆನಪಿಗೆ ಬರುತ್ತಿಲ್ಲ. ಇದೇ ಸಾಲು ಹೀಗೆಯೇ ಇತ್ತೋ ಇಲ್ಲವೋ ಅದೂ ಅನುಮಾನ. ಬರೆದವರ ಮನೆಯಲ್ಲಿ ಪೈಲಟ್ ಯಾರೂ ಇರಲಿಲ್ಲ ಎಂಬುದು ಮಾತ್ರ ಖಚಿತ. ನನ್ನ ಮನೆಯ ರೆಕ್ಕೆಯುಳ್ಳವರು ಇವತ್ತು ಬೆಳಿಗ್ಗೆ ಬಂದವರೇ ಹೆಗಲ ಚೀಲ ಇಳಿಸುವ ಮೊದಲು ನೆಲದ ಲೆಕ್ಕ ಹಿಡಿದರು. ಬಾಗಿಲ ಬಳಿಯ ಚಪ್ಪಲಿಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸಿ, ನನ್ನ ಒಂದು ಚಪ್ಪಲಿಯ ಉಂಗುಟ ಕಿತ್ತಿದೆ ಎಂದು ವರದಿ ಕೊಟ್ಟು, ಆಮೇಲೆ “ಹೇಗಿದ್ದೀಯ?” ಎಂದರು.

ಇವರು ವಾಯುಪಡೆಯಲ್ಲಿ ಸಾಮಾನು ಸಾಗಿಸುವ ವಿಮಾನದ ಪೈಲಟ್. ಇಡೀ ತಿಂಗಳು ರಜ. ಮದುವೆಯಾದ ಮೇಲೆ ಇಷ್ಟು ಉದ್ದದ ರಜ ಇದೇ ಮೊದಲು. ರಜ ಸುಮ್ಮನೆ ಸಿಕ್ಕಿದ್ದಲ್ಲ. ವಾಯುಪಡೆಯಲ್ಲೇ ಮುಂದುವರಿಯುತ್ತಾರೋ, ಬಿಟ್ಟು ಬರುತ್ತಾರೋ ತಿಂಗಳ ಕೊನೆಯೊಳಗೆ ಹೇಳಬೇಕಂತೆ. ಮುಂದುವರಿದರೆ ಇನ್ನೂ ದೂರದ ನೆಲೆಗೆ ವರ್ಗ. ಬಿಟ್ಟರೆ ಎರಡು ಕಡೆ ಬಾಗಿಲು ತೆರೆದಿದೆ. ಒಂದು ದೊಡ್ಡ ಏರ್‌ಲೈನ್ ಕಂಪನಿ, ಇನ್ನೊಂದು ನನ್ನ ಮೈದುನ ಕೆಲಸ ಮಾಡುವ ಸರ್ಕಾರಿ ವಿಮಾನ ವಿಭಾಗ.

“ನೀನು ಹೇಳಿದ ಹಾಗೆ,” ಎಂದರು.

“ನಿಮಗೆ ಸರಿ ಕಂಡ ಹಾಗೆ,” ಎಂದೆ.

ನಿಜಕ್ಕೂ ನನಗೆ ಮೂರೂ ಒಂದೇ. ನನಗೆ ಕಾಲೇಜಿದೆ, ಪಾಠವಿದೆ, ಸಂಜೆ ಓದಲು ಕವಿತೆಗಳಿವೆ, ಜೊತೆಗೆ ಅತ್ತೆಯಿದ್ದಾರೆ. ನನ್ನ ಬದುಕು ಒಂದು ಹದಕ್ಕೆ ಬಂದು ಎಷ್ಟೋ ಕಾಲವಾಯಿತು. ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿ, “ಇಡೀ ತಿಂಗಳು ಇರ್ತೀಯೇನೋ? ಹಾಗಾದ್ರೆ ನನ್ನ ಕುರ್ಚಿ ಬಿಟ್ಟು ಬೇರೆ ಕಡೆ ಕೂತ್ಕೊ,” ಎಂದರು.

ಮಾರ್ಚ್ 6, ಬುಧವಾರ

ಮನೆಯಿಂದ ಹೊರಡುವುದೆಂದರೆ ಇಷ್ಟು ದಿನ ನನಗೆ ಬಾಗಿಲು ಎಳೆದುಕೊಳ್ಳುವುದಷ್ಟೇ ಆಗಿತ್ತು. ಈಗ ಇವರು ಹೊಸ್ತಿಲ ಮೇಲೆ ನೆಟ್ಟಗೆ ನಿಂತು ಕೂಗುತ್ತಾರೆ: “ಗ್ಯಾಸ್?” ನಾನು ಒಳಗಿನಿಂದ “ಮುಚ್ಚಿದೆ” ಎನ್ನಬೇಕು. “ಕಿಟಕಿ?” “ಹಾಕಿದೆ.” “ನಲ್ಲಿ?” “ನಿಲ್ಲಿಸಿದೆ.” ಉತ್ತರ ಬರದೆ ಮುಂದಿನ ಪ್ರಶ್ನೆಯಿಲ್ಲ, ಮುಂದಿನ ಹೆಜ್ಜೆಯೂ ಇಲ್ಲ. ತಾವೇ ಗ್ಯಾಸ್ ಮುಚ್ಚಿ ಬಂದಿದ್ದರೂ ನಾನು ಹೇಳಬೇಕು. ಒಬ್ಬರು ಕೇಳುವುದು, ಇನ್ನೊಬ್ಬರು ನೋಡಿ ಹೇಳುವುದು ಅವರ ಕಡೆಯ ಕ್ರಮವಂತೆ. ತರಗತಿಯಲ್ಲಿ ಕಾವ್ಯದ ಮೌನದ ಬಗ್ಗೆ ಒಂದು ಗಂಟೆ ಮಾತಾಡಿ ಬಂದವಳು ಮನೆಯಲ್ಲಿ “ನಲ್ಲಿ ನಿಲ್ಲಿಸಿದೆ” ಎಂದು ಹೇಳುತ್ತ ನಿಂತಿರುತ್ತೇನೆ.

ತರಕಾರಿಗೆ ಕಳಿಸಿದರೂ ಅಷ್ಟೇ. “ಅರ್ಧ ಕಿಲೋ ಟೊಮೇಟೊ, ಒಂದು ಕಟ್ಟು ಸೊಪ್ಪು, ನಿಂಬೆಹಣ್ಣು,” ಎಂದೆ. ಹೋಗಲಿಲ್ಲ. ನನ್ನ ಮುಖ ನೋಡುತ್ತ “ಅರ್ಧ ಕಿಲೋ ಟೊಮೇಟೊ, ಒಂದು ಕಟ್ಟು ಸೊಪ್ಪು, ನಿಂಬೆಹಣ್ಣು,” ಎಂದು ಒಪ್ಪಿಸಿದರು. ಮತ್ತೂ ಹೋಗಲಿಲ್ಲ. ನಾನು “ಸರಿ” ಅನ್ನುವವರೆಗೆ ಹೋಗುವಂತಿಲ್ಲವಂತೆ. ಕೆಳಗೆ ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತವರು ಹೇಳಿದ್ದನ್ನು ಮೇಲೆ ಹಾರುವವರು ತಿರುಗಿ ಹೇಳಬೇಕು, ಕೆಳಗಿನವರು ಸರಿ ಅನ್ನಬೇಕು, ಆಮೇಲೆಯೇ ವಿಮಾನ ತಿರುಗುತ್ತದೆ. “ನಾನು ಕೆಳಗಿನವಳಾ?” ಎಂದು ಕೇಳಿದೆ. “ಅಲ್ಲಿ ಕೆಳಗಿನವರು ಹೇಳಿದ್ದೇ ನಡೆಯೋದು,” ಎಂದರು.

ಒಟ್ಟಿಗೆ ಇದ್ದ ದಿನಗಳನ್ನು ಮಾತ್ರ ಕೂಡಿಸಿದರೆ ನಾವಿನ್ನೂ ಹೊಸದಾಗಿ ಮದುವೆಯಾದವರ ಹಾಗೇ. ಅದಕ್ಕೇ ಇರಬೇಕು ಇಷ್ಟು ಸಿಟ್ಟು ಬರುವುದು.

ಮಾರ್ಚ್ 9, ಶನಿವಾರ

ಮೈದುನ ಬಂದಿದ್ದ. ಅಣ್ಣನಿಗೆ ಸರ್ಕಾರಿ ಕೆಲಸದ ಒಳಹೊರಗು ಹೇಳಲೆಂದೇ ಬಂದದ್ದು. ಊಟಕ್ಕೆ ಕೂತಾಗ ಶುರುವಾದ ಮಾತು ಎಲೆಯಡಿಕೆಯವರೆಗೂ ಮುಗಿಯಲಿಲ್ಲ.

ಅವನ ವಿಭಾಗದಲ್ಲಿರುವುದು ಒಂದೇ ಪುಟ್ಟ ವಿಮಾನ. ಅದೂ ಸದ್ಯಕ್ಕೆ ಕೊಟ್ಟಿಗೆಯ ಹಸುವಿನ ಹಾಗೆ ಶೆಡ್ಡಿನಲ್ಲಿ ನಿಂತಿದೆ. ಬಾಲದ ಒಂದು ಬಿಡಿಭಾಗ ಬೇಕು. ಬಿಡಿಭಾಗಕ್ಕೆ ಸಹಿ ಬೇಕು. ಸಹಿ ಮಾಡುವವರು ವರ್ಗವಾಗಿದ್ದಾರೆ. ಅವರ ಜಾಗಕ್ಕೆ ಬಂದವರು ವಿಮಾನಕ್ಕೆ ಬಾಲ ಯಾಕೆ ಬೇಕು ಎಂದು ವಿವರಣೆ ಕೇಳಿದ್ದಾರೆ. ಹಾಗಾಗಿ ಮೈದುನ ದಿನಾ ಟೈ ಕಟ್ಟಿಕೊಂಡು ಆಫೀಸಿಗೆ ಹೋಗಿ, ಕೂತು, ಐದಕ್ಕೆ ಎದ್ದು ಬರುತ್ತಾನೆ. ವಿಮಾನ ಚೆನ್ನಾಗಿದ್ದಾಗ ಮಾತ್ರ ಹಾಗಲ್ಲ. ಗುಡ್ಡದ ಊರಿನಿಂದ ರೋಗಿಯನ್ನು ತರಬೇಕೆಂದು ಫೋನ್ ಬಂದರೆ ತುತ್ತು ಬಿಟ್ಟು ಎದ್ದು ಓಡಬೇಕು. ಅದು ಬಿಟ್ಟರೆ ಮಂತ್ರಿಗಳು.

ಮಂತ್ರಿಗಳ ಬಗ್ಗೆ ಅವನಿಗೆ ಒಂದೇ ತಕರಾರು. ಸಣ್ಣ ವಿಮಾನವಾದ್ದರಿಂದ ಹತ್ತುವವರ ತೂಕ ಕೇಳಬೇಕಾಗುತ್ತದೆ. ಯಾರೂ ಇವತ್ತಿನ ತೂಕ ಹೇಳುವುದಿಲ್ಲ, ಎಲ್ಲರೂ ಮದುವೆಯ ದಿನದ ತೂಕ ಹೇಳುತ್ತಾರೆ. ಇವನು ಮುಖ ನೋಡಿ, ಹೊಟ್ಟೆ ನೋಡಿ, ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಾನೆ. ಒಮ್ಮೆ ಒಬ್ಬರು ಅರ್ಧ ದಾರಿಯಲ್ಲಿ ಇವನ ಭುಜ ತಟ್ಟಿ, ಕೆಳಗೆ ಕಾಣುವುದು ತಮ್ಮ ಹೊಲ, ಸ್ವಲ್ಪ ನಿಲ್ಲಿಸಲು ಆಗುತ್ತದೆಯೇ ಎಂದು ಕೇಳಿದ್ದರಂತೆ.

“ಸಂಬಳ ಹೇಗೆ?” ಎಂದು ಇವರು ಕೇಳಿದರು.

“ಬರುತ್ತೆ ಅಣ್ಣಾ. ಭತ್ಯೆ ಅಂತ ಒಂದಿದೆ, ಅದು ನಾವು ಮರೆತ ಮೇಲೆ ಬರುತ್ತೆ. ಬಂದಾಗ ಯಾತಕ್ಕೆ ಬಂತು ಅಂತ ನಾವೇ ಕಂಡುಹಿಡೀಬೇಕು.”

ಇವರು ತಮ್ಮದನ್ನು ಹೇಳಿದರು. ಹಾರುವುದು ಕಡಿಮೆ, ಉಳಿದದ್ದೇ ಜಾಸ್ತಿ. ಚರಂಡಿ, ಹೂದೋಟ, ಕ್ಯಾಂಟೀನು ಎಲ್ಲದಕ್ಕೂ ಇವರೇ ಹೊಣೆ. ಹೋದ ವರ್ಷ ಕಳೆದುಹೋದ ಕುರ್ಚಿಗಳ ಬಗ್ಗೆ ವಿಚಾರಣೆ ನಡೆಸಿದ್ದು ಹಾರಿದ್ದಕ್ಕಿಂತ ಹೆಚ್ಚಂತೆ. “ನಮ್ಮಲ್ಲಿ ಕೆಲಸ ಹಗಲೂ ರಾತ್ರಿ, ಸಂಬಳ ಹಗಲಿನದ್ದು ಮಾತ್ರ. ಮಿಕ್ಕಿದ್ದು ಗೌರವ,” ಎಂದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರು, “ಗೌರವಾನ ಕುಕ್ಕರಿಗೆ ಹಾಕಿದ್ರೆ ಎಷ್ಟು ವಿಷಲ್ ಬೇಕಪ್ಪಾ?” ಎಂದರು.

ಮಾರ್ಚ್ 10, ಭಾನುವಾರ

ಇವತ್ತಿನದನ್ನು ಬರೆದಿಡಲೇಬೇಕು.

ಎದುರು ಮನೆಯಾಕೆ ಏರ್‌ಲೈನ್ ಕ್ಯಾಪ್ಟನ್. ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ಗಂಡ ಹಲ್ಲಿನ ಡಾಕ್ಟರು. ಹೊಸದಾಗಿ ಬಂದಾಗ, ಹೊತ್ತಲ್ಲದ ಹೊತ್ತಿನಲ್ಲಿ ಪೆಟ್ಟಿಗೆ ಎಳೆದುಕೊಂಡು ಹೋಗುವ ಇವಳನ್ನು ನೋಡಿ ಗಂಡ ಹೆಂಡಿರಿಗೆ ವಾರಕ್ಕೆರಡು ಸಲ ಜಗಳವಾಗುತ್ತದೆ ಎಂದು ಅತ್ತೆ ತಿಳಿದಿದ್ದರು. ಏರ್‌ಲೈನ್ ಕೆಲಸದ ಬಗ್ಗೆ ಇವರಿಗೆ ಹೇಳಲಿ ಎಂದು ಸಂಜೆ ಚಹಾಕ್ಕೆ ಕರೆದೆ. ಮೈದುನನೂ ಇದ್ದ. ಮೂವರು ಪೈಲಟ್‌ಗಳು ಒಂದು ಸೋಫಾದ ಮೇಲೆ.

ಹೋಲಿಕೆ ಶುರುವಾಯಿತು. ಆಮೇಲೆ ಅದು ಹೋಲಿಕೆಯಾಗಿ ಉಳಿಯಲಿಲ್ಲ, ಯಾರ ಕಷ್ಟ ದೊಡ್ಡದು ಎಂಬ ಪಂದ್ಯವಾಯಿತು. ಕ್ಯಾಪ್ಟನ್ ಹೇಳಿದ್ದು, ಸಂಬಳ ಕೇಳಿದರೆ ಎಲ್ಲರ ಕಣ್ಣೂ ಅಗಲವಾಗುತ್ತದೆ, ಆದರೆ ಕಂಪನಿ ದುಡ್ಡು ಕೊಡುವುದು ಹಾರಿದ್ದಕ್ಕಲ್ಲ, ಕೆಟ್ಟ ನಿದ್ದೆಗೆ. ಆರು ತಿಂಗಳಿಗೊಮ್ಮೆ ಪರೀಕ್ಷೆ, ಫೇಲಾದರೆ ಮನೆ. ವರ್ಷವಿಡೀ ವೈದ್ಯರ ಮುಂದೆ ಬಾಯಿ ತೆರೆದು ನಿಲ್ಲಬೇಕು. ಕಾಯುವ ಡ್ಯೂಟಿ ಅಂತ ಒಂದಿದೆ. ಆ ದಿನ ಕಂಪನಿ ಕರೆಯಬಹುದು, ಕರೆಯದೆಯೂ ಇರಬಹುದು. ತಲೆಗೆ ಶಾಂಪೂ ಹಾಕಿಕೊಳ್ಳಲೂ ಧೈರ್ಯ ಬರುವುದಿಲ್ಲವಂತೆ. ಮೈದುನ ತಕ್ಷಣ, ತಾನು ವರ್ಷವಿಡೀ ಕಾಯುವ ಡ್ಯೂಟಿಯಲ್ಲೇ ಇದ್ದೇನೆ, ಶಾಂಪೂ ಮಾತ್ರ ಧಾರಾಳವಾಗಿ ಹಾಕಿಕೊಳ್ಳುತ್ತೇನೆ ಎಂದ. ಇವರು, ತಾವು ಹಿಮದ ಗುಡ್ಡಗಳ ನಡುವೆ ಸೀಮೆಎಣ್ಣೆ ಡಬ್ಬಗಳನ್ನು ಹೊತ್ತು ಇಳಿದ ಕಥೆ ತೆಗೆದರು. ವಿಚಿತ್ರವೆಂದರೆ ಕಷ್ಟ ಹೇಳುತ್ತ ಹೇಳುತ್ತ ಮೂವರ ಮುಖವೂ ಹೊಳೆಯುತ್ತಿತ್ತು.

ನಾನು ಮಹಡಿ ಮೇಲಿನ ಬಟ್ಟೆ ತರಲು ಹೋಗುವಾಗ, “ಹಾಲು ಇಟ್ಟಿದ್ದೀನಿ, ಸ್ವಲ್ಪ ನೋಡ್ಕೊಳ್ಳಿ,” ಎಂದು ಮೂವರಿಗೂ ಹೇಳಿದೆ. ಮೂವರೂ “ಹೂಂ” ಎಂದರು. ಮೂವರೂ ಎದ್ದು ಒಲೆಯ ಹತ್ತಿರವೇ ಹೋಗಿ ನಿಂತರು ಕೂಡ. ನಾನು ಬಟ್ಟೆ ಹೊತ್ತು ಬಂದಾಗ ಹಾಲು ಒಲೆಯಿಂದ ಇಳಿದು, ಕಟ್ಟೆಯಿಂದ ಇಳಿದು, ಅತ್ತೆಯ ಕುರ್ಚಿಯ ಕಡೆಗೆ ಹೊರಟಿತ್ತು. ಮೂವರೂ ಅದರ ಸುತ್ತ ನಿಂತಿದ್ದರು.

ಯಾರೂ ಬಟ್ಟೆ ಹಿಡಿದು ಒರೆಸಲಿಲ್ಲ. ವಿಚಾರಣೆ ನಡೆಯುತ್ತಿತ್ತು.

ವಿಮಾನದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹಿಡಿತ ಹೋಗುವಾಗ ಬಾಯಿಬಿಟ್ಟು ಹೇಳಬೇಕಂತೆ: ನಿಮ್ಮ ಕೈಗೆ, ನನ್ನ ಕೈಯಲ್ಲಿದೆ, ಹೀಗೆ. ಇಲ್ಲಿ ಯಾರೂ “ನನ್ನ ಕೈಯಲ್ಲಿದೆ” ಎಂದು ಹೇಳಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರೂ ಹಾಲು ಇನ್ನೊಬ್ಬರ ಕೈಯಲ್ಲಿದೆ ಎಂದುಕೊಂಡು ಮಾತು ಮುಂದುವರಿಸಿದ್ದರು. ಇವರ ಪ್ರಕಾರ, ವಿಮಾನದ ಎಡ ಸೀಟಿನ ಹಾಗೆ, ಒಲೆಯ ಎಡಗಡೆ ಕಿಟಕಿಯ ಬದಿ ನಿಂತವರು ಹಿರಿಯರು, ಹೊಣೆ ಅವರದ್ದು. ಕಿಟಕಿಯ ಬದಿ ನಿಂತಿದ್ದ ಮೈದುನ, ಬರಹದಲ್ಲಿ ಆದೇಶ ಇಲ್ಲದೆ ತಾನು ಒಲೆ ಮುಟ್ಟುವಂತಿಲ್ಲ ಎಂದ. ಕ್ಯಾಪ್ಟನ್ ತುಂಬ ವಿನಯದಿಂದ, “ನಂದು ಇವತ್ತು ಕಡ್ಡಾಯ ವಿಶ್ರಾಂತಿ ಅಕ್ಕಾ. ನಾನು ಕೈ ಹಾಕಿದ್ರೆ ನಾಳೆ ಹಾರೋ ಹಾಗಿಲ್ಲ,” ಎಂದಳು.

ಒಲೆ ಒರೆಸಿದವಳು ನಾನು. ಒರೆಸುವಾಗ ಇವರು ಪಕ್ಕದಲ್ಲಿ ನಿಂತು “ಗ್ಯಾಸ್?” ಎಂದರು. ನಾನು ಒರೆಸುವ ಬಟ್ಟೆಯನ್ನು ಜೋರಾಗಿ ಹಿಂಡಿದೆ.

ಮಾರ್ಚ್ 14, ಗುರುವಾರ

ತಲೆನೋವು. ಇವರು ಫ್ಯಾನ್ ರಿಪೇರಿ ಮಾಡಿದರು. ಫ್ಯಾನ್ ಕೆಟ್ಟಿರಲಿಲ್ಲ. ಈಗ ಸದ್ದು ಮಾಡುತ್ತದೆ.

ಮಾರ್ಚ್ 17, ಭಾನುವಾರ

ಮೂರು ಕೆಲಸಗಳನ್ನೂ ಕಣ್ಣಿಗೆ ಕಾಣುವಂತೆ ಹೋಲಿಸಬೇಕೆಂದು ಇವರು ಊಟದ ಮೇಜಿನ ಮೇಲೆ ಮೂರು ಬಟ್ಟಲು ಇಟ್ಟರು. ದುಡಿಮೆಗೆ ಹೆಸರುಕಾಳು, ಸಂಬಳಕ್ಕೆ ಕಡಲೆಬೀಜ. ವಾಯುಪಡೆಯ ಬಟ್ಟಲಿಗೆ ಹೆಸರುಕಾಳು ಹಿಡಿಗಟ್ಟಲೆ ಬಿತ್ತು, ಕಡಲೆಬೀಜ ಹದವಾಗಿ. ಸರ್ಕಾರದ ಬಟ್ಟಲಿಗೆ ಎರಡೂ ಸ್ವಲ್ಪ ಸ್ವಲ್ಪ. ಏರ್‌ಲೈನ್ ಬಟ್ಟಲಿಗೆ ಕಡಲೆಬೀಜ ಸುರಿದದ್ದೇ ಸುರಿದದ್ದು. ಕಡಲೆಬೀಜ ಮುಗಿದು ಡಬ್ಬ ತರಲು ಒಳಗೆ ಹೋದರು. ವಾಪಸ್ ಬರುವಷ್ಟರಲ್ಲಿ ಅತ್ತೆ ಟಿ.ವಿ. ನೋಡುತ್ತ ಏರ್‌ಲೈನ್ ಸಂಬಳದ ಅರ್ಧ ತಿಂದುಬಿಟ್ಟಿದ್ದರು.

“ಅಮ್ಮಾ, ಅದು ಲೆಕ್ಕದ್ದು.”

“ತೆರಿಗೆ ಹಿಡಿದ್ರು ಅಂತ ತಿಳ್ಕೊಳೋ,” ಎಂದರು ಅತ್ತೆ, ಅಗಿಯುತ್ತಲೇ.

ಇವರು ಗಂಭೀರವಾಗಿ ಯೋಚಿಸಿ, ತೆರಿಗೆ ಕಳೆದರೆ ಸುಮಾರು ಅಷ್ಟೇ ಉಳಿಯುವುದು ಎಂದು ಒಪ್ಪಿಕೊಂಡರು. ಹಾಸ್ಟೆಲಿನಲ್ಲಿದ್ದು ಓದುವ ನಮ್ಮ ಮಗಳಿಗೆ ಫೋನ್ ಮಾಡಿ ಅವಳ ಅಭಿಪ್ರಾಯವನ್ನೂ ಕೇಳಿದ್ದಾಯಿತು. ಯಾವುದರಲ್ಲಿ ಬಿಟ್ಟಿ ಟಿಕೆಟ್ ಸಿಗುತ್ತದೋ ಅದು, ಎಂದಳಂತೆ.

ಬಟ್ಟಲುಗಳನ್ನು ನಾನೇ ಎತ್ತಿಟ್ಟೆ. ಎತ್ತಿಡುವಾಗ ಒಂದು ಗಮನಿಸಿದೆ. ಮನೆಯಲ್ಲಿ ಎಷ್ಟು ಸಂಜೆ ಇರುತ್ತಾರೆ ಎಂಬುದಕ್ಕೆ ಯಾವ ಕಾಳನ್ನೂ ಇಟ್ಟಿರಲಿಲ್ಲ. ಬೇಕಿದ್ದರೆ ಅಕ್ಕಿಯಾದರೂ ಇಡಬಹುದಿತ್ತು. ಹೇಳಲು ಹೋಗಲಿಲ್ಲ, ನನಗೆ ಮೂರೂ ಒಂದೇ ಆದ್ದರಿಂದ.

ಮಾರ್ಚ್ 20, ಬುಧವಾರ

ಸಕ್ಕರೆ ಕೇಳುವ ನೆಪದಲ್ಲಿ ಎದುರು ಮನೆಗೆ ಹೋಗಿದ್ದೆ. ನಮ್ಮಲ್ಲಿ ಸಕ್ಕರೆ ಇತ್ತು. ಹಲ್ಲಿನ ಡಾಕ್ಟರು ಬೆರಳನ್ನು ತುಟಿಗಿಟ್ಟುಕೊಂಡೇ ಬಾಗಿಲು ತೆರೆದರು. ಹೊರಗೆ ಹನ್ನೊಂದು ಗಂಟೆಯ ಬಿಸಿಲು, ಒಳಗೆ ದಪ್ಪ ಪರದೆ ಎಳೆದು ಕತ್ತಲು. ಕ್ಯಾಪ್ಟನ್ ಮಲಗಿದ್ದಳು. ಅವಳು ತಿಂಗಳಲ್ಲಿ ಎಷ್ಟು ಸಂಜೆ ಮನೆಯಲ್ಲಿರುತ್ತಾಳೆ ಎಂದು ಸುಮ್ಮನೆ ಕುತೂಹಲಕ್ಕೆ ಕೇಳಿದೆ. ಡಾಕ್ಟರು ಪಿಸುಮಾತಿನಲ್ಲೇ, ಇರುವುದೇನೋ ಇರುತ್ತಾಳೆ, ಆದರೆ ಅವಳಿಗೆ ರಾತ್ರಿಯಾದಾಗ ತಮಗೆ ಬೆಳಗು, ತಾವು ಬೆಕ್ಕಿನ ಹಾಗೆ ಓಡಾಡಬೇಕು ಎಂದರು. ಇಬ್ಬರೂ ಎದುರುಬದುರು ಕೂತು ಬಿಸಿ ಊಟ ಮಾಡಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಛಾವಣಿ ನೋಡಿದರು. ಸಕ್ಕರೆ ಡಬ್ಬದ ಮುಚ್ಚಳವನ್ನು ಸದ್ದಾಗದಂತೆ ತೆರೆಯುವುದನ್ನು ಅವರಿಂದ ಕಲಿಯಬೇಕು.

ಮನೆಗೆ ಬಂದ ಮೇಲೆ ಯಾಕೋ ಬೇಸರ. ಹವಾಮಾನ ಇರಬೇಕು.

ಸಂಜೆ ಮೈದುನನಿಗೆ ಫೋನ್ ಮಾಡಿ ಅವನ ಹೆಂಡತಿಯ ಮಂಡಿನೋವು ವಿಚಾರಿಸಿದೆ. ಮಾತಿನ ನಡುವೆ, ಐದಕ್ಕೆ ಎದ್ದು ಬರುವುದು ದಿನಾ ಹೌದೋ, ಅಥವಾ ವಿಮಾನ ಕೆಟ್ಟಾಗ ಮಾತ್ರವೋ ಎಂದೂ ಕೇಳಿದೆ. ದಿನಾ ಎಂದ. ರೋಗಿಗಳ ಕರೆ ಬಂದರೆ ಬೇರೆ ಮಾತು, ಅದೂ ತಿಂಗಳಿಗೆ ಎರಡೋ ಮೂರೋ.

ಮಾರ್ಚ್ 22, ಶುಕ್ರವಾರ

ತರಗತಿ ಮುಗಿಸಿ ಹೊರಡುವಾಗ ಬಾಗಿಲಲ್ಲಿ ನಿಂತು “ಕಿಟಕಿ?” ಎಂದೆನಂತೆ. ಹಿಂದಿನ ಬೆಂಚಿನಿಂದ ಯಾರೋ “ಹಾಕಿದೆ ಮೇಡಂ” ಎಂದರು. “ಫ್ಯಾನ್?” “ಆರಿಸಿದೆ ಮೇಡಂ.” ಹುಡುಗಿಯರು ನಗುತ್ತಿದ್ದುದು ಯಾಕೆಂದು ಬಸ್ಸು ಹತ್ತಿದ ಮೇಲೆ ತಿಳಿಯಿತು. ಒಳ್ಳೆಯ ಕ್ರಮವೇ, ವಿದ್ಯುತ್ ಉಳಿಯುತ್ತದೆ.

ಮಾರ್ಚ್ 24, ಭಾನುವಾರ

ಇವರು ನಿನ್ನೆ ಬೆಳಿಗ್ಗೆ ಏರ್‌ಲೈನ್‌ನವರ ಪರೀಕ್ಷೆಗೆ ಹೋದರು. ನಾಳೆ ವಾಪಸ್ಸು. ಕೊನೆಗೂ ಮನೆ ನನ್ನದಾಯಿತು. ಚಪ್ಪಲಿ ಬೇಕಾದ ಹಾಗೆ ಬಿಟ್ಟೆ. ಒಂದು ಕವನ ಸಂಕಲನ ಹಿಡಿದು ಕಿಟಕಿಯ ಬಳಿ ಕೂತೆ. ಇಂಥ ನಿಶ್ಶಬ್ದಕ್ಕಾಗಿ ಮೂರು ವಾರದಿಂದ ಕಾಯುತ್ತಿದ್ದೆನಲ್ಲ. ಒಂದೇ ಪುಟವನ್ನು ಮಧ್ಯಾಹ್ನದವರೆಗೆ ಓದಿದೆ. ಕವಿತೆ ಅಷ್ಟೇನೂ ಚೆನ್ನಾಗಿರಲಿಲ್ಲ ಅನಿಸುತ್ತದೆ. ಫ್ಯಾನಿನ ಸದ್ದೂ ಕೇಳಿಸಲಿಲ್ಲ, ನೋಡಿದರೆ ಹಾಕೇ ಇರಲಿಲ್ಲ.

ಊಟಕ್ಕೆ ಮೂರು ತಟ್ಟೆ ಇಟ್ಟೆ. ಅತ್ತೆ ನನ್ನನ್ನು ನೋಡಿದರು. ಆಮೇಲೆ ನೋಡಿದರೆ ಅವರೂ ಮೂರು ಲೋಟ ನೀರು ತುಂಬಿದ್ದರು. ಅಭ್ಯಾಸಬಲ, ಅಷ್ಟೇ.

ಸಂಜೆ ತರಕಾರಿಗೆ ಹೊರಟು ಬೀದಿಯ ತಿರುವಿನವರೆಗೆ ಹೋದವಳು ಗ್ಯಾಸ್ ಮುಚ್ಚಿದೆನೋ ಇಲ್ಲವೋ ಎಂದು ತಿರುಗಿ ಬಂದೆ. ಮುಚ್ಚಿತ್ತು. ಯಾರಾದರೂ ಕೇಳಿದ್ದರೆ ಈ ನಡಿಗೆ ಉಳಿಯುತ್ತಿತ್ತು.

ಮಾರ್ಚ್ 26, ಮಂಗಳವಾರ

ಇವರು ನಿನ್ನೆ ಬಂದರು. ಪಾಸಾಗಿದ್ದಾರೆ. ಆದರೆ ಪಾಸಾದವರ ಮುಖವಿರಲಿಲ್ಲ. ಪರೀಕ್ಷೆ ಮಾಡಿದವನು ಹಿಂದೆ ಇವರ ಕೈಯಲ್ಲೇ ಹಾರಲು ಕಲಿತ ಶಿಷ್ಯನಂತೆ. ವಾಯುಪಡೆ ಬಿಟ್ಟು ಏರ್‌ಲೈನ್ ಸೇರಿ ಈಗ ದೊಡ್ಡ ಕ್ಯಾಪ್ಟನ್. ಸಿಮ್ಯುಲೇಟರ್ ಎಂಬ ನಕಲಿ ವಿಮಾನದಲ್ಲಿ ಕೂರಿಸಿ ಇಳಿಸಲು ಹೇಳಿದ. ಇವರು ಗುಡ್ಡಗಳ ನಡುವೆ ಇಳಿಸುವ ಅಭ್ಯಾಸದಲ್ಲಿ, ಮೂಗು ತಗ್ಗಿಸಿ, ಬಿರ್ರನೆ ಇಳಿದು, ನೆಲಕ್ಕೆ ಧಡ್ ಎಂದು ಕೂರಿಸಿದರು. ಶಿಷ್ಯ ಸ್ವಲ್ಪ ಹೊತ್ತು ಸೀಟು ಹಿಡಿದುಕೊಂಡು ಕೂತು, “ಸರ್, ಹಿಂದೆ ಜನ ಇದ್ದಾರೆ ಅಂತ ಅಂದುಕೊಳ್ಳಿ,” ಎಂದನಂತೆ.

ಇಷ್ಟು ವರ್ಷದಲ್ಲಿ ಹಿಂದೆ ಕೂತವರು ಯಾರೂ ದೂರು ಕೊಟ್ಟಿಲ್ಲ ಎಂದು ಇವರು ವಾದಿಸಿದರು.

“ಸರ್, ನಿಮ್ಮ ಹಿಂದೆ ಕೂತಿರ್ತಿದ್ದದ್ದು ಸಿಮೆಂಟ್ ಚೀಲ.”

ಹೇಳುತ್ತ ಇವರೇ ನಕ್ಕರು. ನಾನೂ ನಕ್ಕೆ. ಸೇರಿದರೆ ಮೊದಲ ಕೆಲವು ವರ್ಷ ಶಿಷ್ಯನ ಪಕ್ಕದ ಸೀಟಿನಲ್ಲಿ ಕಿರಿಯರಾಗಿ ಕೂರಬೇಕು. ಸಂಬಳ ಮಾತ್ರ ಈಗಿನದಕ್ಕಿಂತ ಎಷ್ಟೋ ಹೆಚ್ಚು. “ಮನೆಗೆ ಅನುಕೂಲ,” ಎಂದರು. ಮನೆ ಅಂದರೆ ಯಾರು ಎಂದು ಕೇಳಬೇಕೆನಿಸಿತು.

ಮಾರ್ಚ್ 28, ಗುರುವಾರ

ಮೆಟ್ಟಿಲಲ್ಲಿ ಕ್ಯಾಪ್ಟನ್ ಸಿಕ್ಕಳು. ಏನು ನಿರ್ಧಾರವಾಯಿತು ಎಂದಳು. ಇವರು ನನ್ನಿಷ್ಟ ಎನ್ನುತ್ತಾರೆ, ನಾನು ಅವರಿಷ್ಟ ಎಂದಿದ್ದೇನೆ ಎಂದೆ. ಅವಳು ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಇಟ್ಟಳು. ಅಷ್ಟು ಗಂಭೀರವಾಗಿ ಅವಳನ್ನು ನಾನು ನೋಡಿದ್ದಿಲ್ಲ.

“ಅಕ್ಕಾ, ಹಾಗಾದ್ರೆ ಇಬ್ಬರೂ ಕೈ ಬಿಟ್ಟಿದ್ದೀರಿ.”

ಅದು ಪರಸ್ಪರ ಗೌರವ ಎಂದು ಹೇಳಿದೆ.

“ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆ. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ಹಾರಿಸೋಕೆ ಬರುತ್ತೆ, ಇಬ್ಬರೂ ಇನ್ನೊಬ್ಬರಿಗೆ ಬಿಟ್ಟಿದ್ದೀನಿ ಅಂತ ಆರಾಮಾಗಿ ಕೂತಿರ್ತಾರೆ. ಸ್ವಲ್ಪ ದೂರ ವಿಮಾನಾನೂ ನೆಟ್ಟಗೇ ಹೋಗ್ತಿರುತ್ತೆ. ಅದೇ ಅದರ ಅಪಾಯ.”

ನನಗೆ ನಿಜವಾಗಿಯೂ ಯಾವ ಅಭಿಪ್ರಾಯವೂ ಇಲ್ಲ ಎಂದೆ. ಅವಳು ನನ್ನನ್ನೇ ನೋಡಿ, ತನ್ನ ಮುಂದಿನ ವಾರದ ಡ್ಯೂಟಿ ಏನೇನು ಎಂದು ಕೇಳಿದಳು. ಸಕ್ಕರೆಗೆ ಹೋದಾಗ ಅವರ ಫ್ರಿಜ್ಜಿನ ಮೇಲೆ ಕಂಡ ಪಟ್ಟಿಯಂತೆ, ಭಾನುವಾರ ಸಂಜೆ ಹೋಗಿ ಬುಧವಾರ ಬೆಳಿಗ್ಗೆ, ಗುರುವಾರ ಕಾಯುವ ಡ್ಯೂಟಿ, ಶುಕ್ರವಾರ ರಜ ಎಂದೆ. ತನಗೇ ಅಷ್ಟು ನೆನಪಿಲ್ಲ ಎಂದು ನಕ್ಕು ಪೆಟ್ಟಿಗೆ ಎತ್ತಿಕೊಂಡು ಹೋದಳು. ಅಕ್ಕಪಕ್ಕದವರ ಓಡಾಟ ತಿಳಿದಿರುವುದು ಎಲ್ಲ ಕಡೆಯೂ ಇರುವುದೇ. ಇದರಲ್ಲಿ ನಗುವಂಥದ್ದೇನಿದೆ?

ಮಾರ್ಚ್ 30, ಶನಿವಾರ

ಬೆಳಿಗ್ಗೆ ನಾನು ಬೀನ್ಸ್ ಹೆಚ್ಚುತ್ತಿದ್ದೆ. ಇವರು ಫೋನ್ ಹಿಡಿದು ಅಡುಗೆಮನೆಗೆ ಬಂದರು. ಏರ್‌ಲೈನ್‌ನವರು ಇವತ್ತೇ ಉತ್ತರ ಕೇಳಿದ್ದಾರೆ, ವಾಯುಪಡೆಗೆ ನಾಳೆಯೊಳಗೆ ಹೇಳಬೇಕು.

“ಹಾಗಾದ್ರೆ ಏರ್‌ಲೈನ್‌ಗೆ ಹೂಂ ಅಂದುಬಿಡಲಾ?”

ನಿಮಗೆ ಸರಿ ಕಂಡ ಹಾಗೆ ಎನ್ನಲು ಬಾಯಿ ತೆರೆದೆ. ಆ ಮಾತು ಎಷ್ಟು ಸಲ ಹೇಳಿದ್ದೇನೆಂದರೆ ತಾನಾಗಿಯೇ ಬರಬೇಕಿತ್ತು. ಬಂದದ್ದು ಬೇರೆ.

“ಬೇಡ.”

ಇವರು ಫೋನ್ ಕೆಳಗಿಟ್ಟರು. “ಬೇಡ ಅಂದ್ರೆ?”

“ಸಂಜೆ ಊಟಕ್ಕೆ ಮನೆಗೆ ಬರೋಂಥದ್ದು ಯಾವುದೋ, ಅದು.”

ಚಾಕು ಕೈಯಲ್ಲೇ ಇತ್ತು. ಬೀನ್ಸ್ ಕಡೆಗೇ ನೋಡುತ್ತಿದ್ದೆ. ತಪ್ಪು ಹೇಳಿದೆನೇನೋ, ಅಷ್ಟೊಂದು ಸಂಬಳ, ಅಥವಾ ಅಷ್ಟು ವರ್ಷದ ಸಮವಸ್ತ್ರ, ನಾನು ಒಂದು ಊಟದ ಮಾತು ಆಡಿಬಿಟ್ಟೆನಲ್ಲ ಎಂದು ಮುಖ ಬಿಸಿಯಾಯಿತು. ಆಗ ಇವರು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು:

“ಸಂಜೆ ಊಟಕ್ಕೆ ಮನೆಗೆ ಬರೋಂಥದ್ದು.”

ಹೇಳಿ, ಹೋಗದೆ ನಿಂತರು. ಯಾತಕ್ಕೆ ಕಾಯುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

“ಸರಿ,” ಎಂದೆ.

ಆಮೇಲೆ ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತ, ಇವರು ಒಂದು ಮಾತು ಹೇಳಿದರು. “ನಾನು ಮನೆಗೆ ಬಂದಾಗೆಲ್ಲ ನೀನು ಓದ್ತಿದ್ದ ಪುಸ್ತಕ ಮುಚ್ಚಿಡ್ತೀಯಲ್ಲ, ಪ್ರತಿ ಸಲವೂ ಅಡ್ಡ ಬಂದೆ ಅನಿಸ್ತಿತ್ತು, ಅದಕ್ಕೇ ಮನೇಲೇ ಇರಲಾ ಅಂತ ಬಾಯಿಬಿಟ್ಟು ಕೇಳಲಿಲ್ಲ,” ಎಂದರು. ಮನುಷ್ಯರು ಎದುರು ಬಂದಾಗ ಪುಸ್ತಕ ಮುಚ್ಚುವುದು ಮರ್ಯಾದೆ ಎಂದು ನಾನು ತಿಳಿದಿದ್ದೆ. ಇವರು ನಾರು ತೆಗೆದದ್ದರಲ್ಲಿ ಅರ್ಧ ಬೀನ್ಸೇ ಹೋಗಿತ್ತು. ಉಳಿದದ್ದನ್ನೇ ಹೆಚ್ಚಿದೆ.

ಅತ್ತೆಗೆ ಹೇಳಿದಾಗ ಅವರು ಸಂತೋಷ ತೋರಿಸಲಿಲ್ಲ. ಇನ್ನೊಂದು ಕುರ್ಚಿ ತರಿಸಿ ಎಂದರಷ್ಟೇ.

ಮಧ್ಯಾಹ್ನ ಸುದ್ದಿ ತಿಳಿಸಲು ಫೋನ್ ಮಾಡಿದಾಗ ಮೈದುನ, “ಅತ್ತಿಗೆ, ಬಾಲದ ಕಡತ ಮತ್ತೆ ವಾಪಸ್ ಬಂದಿದೆ. ಅಣ್ಣ ಸೇರಿದ್ರೂ ಈ ವರ್ಷ ವಿಮಾನ ಏಳೋದು ಅನುಮಾನ. ಆಮೇಲೆ ನನ್ನ ಬೈಬೇಡಿ,” ಎಂದ. ಬೈಯುವುದಿಲ್ಲ ಎಂದೆ. ಹಾರದ ಪೈಲಟ್ ಆಗಿ ಇವರು ಹೇಗಿರುತ್ತಾರೋ ಎಂಬ ಯೋಚನೆ ಇದ್ದೇ ಇದೆ. ಇವರಿಗೂ ಇರಬೇಕು; ಸಂಜೆ ಮಹಡಿಯ ಮೇಲೆ ಒಬ್ಬರೇ ನಿಂತು, ಹಾದುಹೋದ ಒಂದು ವಿಮಾನವನ್ನು ಅದು ಚುಕ್ಕೆಯಾಗುವವರೆಗೆ ನೋಡುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಯಾವ ಕಂಪನಿಯದ್ದು, ಎಷ್ಟು ಎತ್ತರ, ಎಲ್ಲಿಗೆ ಎಂದು ಹೇಳುತ್ತ ಹೋದರು. ಪೂರ್ತಿ ಅರ್ಥವಾಗಲಿಲ್ಲ. ಕೇಳುತ್ತ ನಿಂತಿದ್ದೆ.

ನಾನು ಹೇಳಿದ್ದರಲ್ಲಿ ವಿಶೇಷವೇನಿಲ್ಲ. ಯಾರಾದರೂ ಹೇಳಲೇಬೇಕಿತ್ತು.

ಮಾರ್ಚ್ 31, ಭಾನುವಾರ

ವಾಯುಪಡೆಗೂ ಹೇಳಿ ಆಯಿತು. ಹೇಳಿದ ಮೇಲೆ ಇವರು ಶೂ ಪಾಲಿಶ್ ಮಾಡಲು ಕೂತರು. ಇದ್ದ ಎಲ್ಲ ಶೂಗಳಿಗೂ, ಅತ್ತೆಯ ರಬ್ಬರ್ ಚಪ್ಪಲಿಗೂ.

ಸಂಜೆ ಬಾಗಿಲು ಬಡಿದದ್ದು ಕ್ಯಾಪ್ಟನ್. ಸಮವಸ್ತ್ರದಲ್ಲಿದ್ದಳು, ಪೆಟ್ಟಿಗೆ ಹಿಂದೆ ನಿಂತಿತ್ತು. ಕೆಳಗೆ ಕಂಪನಿಯ ಕಾರು ಬಂದಿದೆ, ಒಳಗೆ ಬರುವಷ್ಟು ಹೊತ್ತಿಲ್ಲ, ಏನಾಯಿತೆಂದು ಕೇಳಿಕೊಂಡು ಹೋಗೋಣವೆಂದು ಬಂದೆ ಎಂದಳು. ಸರ್ಕಾರಿ ಕೆಲಸ ಎಂದೆ. ಸಂಬಳ ಕಡಿಮೆ, ವಿಮಾನ ಸದ್ಯಕ್ಕೆ ಇಲ್ಲ ಎನ್ನಬಹುದು, ದಿನಾ ಐದೂವರೆಗೆ ಮನೆ.

“ದಿನಾ?” ಎಂದಳು. “ಐದೂವರೆಗೆ?”

ಹೂಂ ಎಂದೆ. ಅವಳು ತನ್ನ ಮನೆಯ ಮುಚ್ಚಿದ ಬಾಗಿಲನ್ನೊಮ್ಮೆ ತಿರುಗಿ ನೋಡಿದಳು. ಆಮೇಲೆ ನಮ್ಮ ಒಳಗೆ ಬಗ್ಗಿ ನೋಡಿದಳು. ಹಾಲ್‌ನಲ್ಲಿ ಇವರು ಶೂಗಳನ್ನು ಸಾಲಾಗಿ ಹರಡಿಕೊಂಡು, ಚೆನ್ನಾಗಿಯೇ ಇದ್ದ ಮಿಕ್ಸಿಯನ್ನೂ ಬಿಚ್ಚಿಟ್ಟುಕೊಂಡು ಕೂತಿದ್ದರು. ಅತ್ತೆ ಜೋರಾಗಿ ಏನೋ ಹೇಳುತ್ತಿದ್ದರು. ಕ್ಯಾಪ್ಟನ್ ಜೇಬಿಗೆ ಕೈಹಾಕಿ ಬೀಗದ ಕೈಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

“ಇದು ಇಟ್ಕೊಳ್ಳಿ ಅಕ್ಕಾ. ಓದೋ ಪುಸ್ತಕ ಇದ್ರೆ ನಮ್ಮನೇಲಿ ತಂದಿಡಿ, ಸಂಜೆ ನಮ್ಮ ಡಾಕ್ಟರೂ ಕ್ಲಿನಿಕ್ಕಲ್ಲಿರ್ತಾರೆ, ಕಿಟಕಿ ಹತ್ರ ಬೆಳಕು ಚೆನ್ನಾಗಿರುತ್ತೆ. ನಾನಂತೂ ಇರಲ್ಲ.”